ಗ್ಯಾಸ್ ಮೊದಲು, ನಲ್ಲಿ ಆಮೇಲೆ: ಮನೆಯಲ್ಲಿ ಶುಂಠಿ ಸೋಡಾ ಹಿಡಿಯಲು ಯಾವ ಸಾಮಾನು ಕೊಳ್ಳಬೇಕು?

ಅಡಿಕೆ ಕೊನೆಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಆಸರಿಗೆ ಕೊಡುವುದೇ ಒಂದು ದೊಡ್ಡ ಕೆಲಸ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ, ಹೊರುವವರು, ಸಂಜೆ ಸುಲಿಯಲು ಬರುವವರು ಎಲ್ಲ ಸೇರಿದರೆ ಹದಿನೈದು ಜನ. ಮೊದಲು ಮಜ್ಜಿಗೆ, ಬೆಲ್ಲ-ನೀರು, ಮುರುಗಲ ಪಾನಕ ಇಷ್ಟೇ ಇತ್ತು. ಒಂದು ವರ್ಷ ಶುಂಠಿ ರೇಟು ಬಿದ್ದು ಎರಡು ಚೀಲ ಮನೆಯಲ್ಲೇ ಉಳಿಯಿತು. ಆಗ ಹಿಡಿದ ಶುಂಠಿ ಸೋಡಾ ಹುಚ್ಚು ಈಗ ಹಳೇ ಫ್ರಿಜ್ಜಿನ ಬಾಗಿಲಿಗೆ ನಲ್ಲಿ ಕೂರಿಸುವ ತನಕ ಬಂದಿದೆ.

ಬಂದವರೆಲ್ಲ ನಲ್ಲಿ ತಿರುಗಿಸಿ ನೋಡುತ್ತಾರೆ. ಒಂದು ಲೋಟ ಕುಡಿಯುತ್ತಾರೆ. ಆಮೇಲೆ ಕೇಳುತ್ತಾರೆ, 'ನಮ್ಮ ಮನೆಗೂ ಇಂಥದ್ದೊಂದು ಮಾಡಿಸಬೇಕು, ಏನೇನು ತರಬೇಕು?' ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಡುತ್ತಿದ್ದೇನೆ.

ಈ ಸಾಮಾನೆಲ್ಲ ಮೂಲದಲ್ಲಿ ಮನೆಯಲ್ಲಿ ಬಿಯರ್ ಮಾಡುವವರ ಅಂಗಡಿಯದ್ದು. ಅಮೆರಿಕದಲ್ಲಿ 1978ರ ಕಾನೂನಿನ ನಂತರ ಮನೆಬಳಕೆಗೆ ಬಿಯರ್ ಮಾಡುವುದು ಮಾಮೂಲಿ ಹವ್ಯಾಸ. ನಮ್ಮ ಭಾವನ ಮಗ ಅಲ್ಲಿ ಅದನ್ನೇ ಮಾಡುತ್ತಾನೆ. ಕೆಗ್ ಅಂದರೆ ಒತ್ತಡ ತಡೆಯುವ ಪಾನೀಯದ ಡ್ರಮ್ಮು, ರೆಗ್ಯುಲೇಟರ್ ಅಂದರೆ ಸಿಲಿಂಡರಿನಿಂದ ಬರುವ ಗ್ಯಾಸಿನ ಒತ್ತಡವನ್ನು ಬೇಕಾದಷ್ಟಕ್ಕೆ ಇಳಿಸಿ ಕೊಡುವ ಸಾಧನ, ಈ ಮಾತೆಲ್ಲ ನಾನು ಕಲಿತದ್ದು ಅವನಿಂದ. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಮ್ಮ ಮನೆಯೊಳಗೆ ನಾವೇ ಕುಡಿಯುತ್ತೇವೆ ಅಂದರೂ ನಡೆಯುವುದಿಲ್ಲ. ಹಾಗಾಗಿ ಇಲ್ಲಿರುವುದು ಶುಂಠಿ, ಮುರುಗಲು, ನಿಂಬೆಯ ಮಾತು. ಹೊರದೇಶದಲ್ಲಿ ಬಿಯರ್ ಮಾಡುವ ಮಕ್ಕಳಿದ್ದರೆ ಅವರಿಗೂ ಉಪಯೋಗವಾಗಲಿ ಅಂತ ಬಿಯರಿನ ಲೆಕ್ಕವನ್ನೂ ಅಲ್ಲಲ್ಲಿ ಕೊಟ್ಟಿದ್ದೇನೆ. ತಮಾಷೆ ಅಂದರೆ, ಅವರು ಬಳಸುವ 19 ಲೀಟರಿನ ಸ್ಟೀಲ್ ಕೆಗ್ ಹುಟ್ಟಿದ್ದೇ ಕೋಲಾ ಕಂಪನಿಗಳಿಗಾಗಿ. ಕಂಪನಿಗಳು ಅದನ್ನು ಬಿಟ್ಟ ಮೇಲೆ ಬಿಯರ್ ಮಾಡುವವರು ಹಳೆಯದನ್ನು ಕೊಂಡರು. ಅದರಲ್ಲಿ ಸೋಡಾ ತುಂಬುವ ನಾವು ಅದನ್ನು ತವರಿಗೆ ಕರೆದುಕೊಂಡು ಬಂದ ಹಾಗೆ.

ಮೊದಲು ಗ್ಯಾಸ್ ಎಲ್ಲಿ ಸಿಗುತ್ತದೆ ನೋಡಿ

ಎಲ್ಲರೂ ನಲ್ಲಿ ನೋಡಿ ಮರುಳಾಗುತ್ತಾರೆ. ನಾನೂ ಆಗಿದ್ದೆ. ಹೊಳೆಯುವ ಸ್ಟೀಲ್ ನಲ್ಲಿ, ಕೆಗ್, ರೆಗ್ಯುಲೇಟರ್ ಎಲ್ಲ ಒಟ್ಟಿಗೆ ತರಿಸಿದೆ. ಸಾಮಾನು ಬಂದು ಒಂದೂವರೆ ತಿಂಗಳು ಅಟ್ಟದ ಮೇಲೆ ಕೂತಿತ್ತು. ಸಿಲಿಂಡರ್ ಒಂದು ಕಡೆಯಿಂದ ತಂದೆ, ಅದರ ವಾಲ್ವಿನ ತಿರುಪು ಒಂದು ತರ, ರೆಗ್ಯುಲೇಟರಿನ ತಿರುಪು ಇನ್ನೊಂದು ತರ. ಎರಡೂ ಕೂರಲಿಲ್ಲ. ಅಡಾಪ್ಟರ್ ಹುಡುಕಲು ಶಿವಮೊಗ್ಗಕ್ಕೆ ಮೂರು ಸಲ ಓಡಾಡಿದೆ. ಬಸ್ ಚಾರ್ಜ್ ಲೆಕ್ಕ ಹಾಕಿದರೆ ಅಷ್ಟರಲ್ಲಿ ಇನ್ನೊಂದು ನಲ್ಲಿ ಬರುತ್ತಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ. ಏನನ್ನೂ ಕೊಳ್ಳುವ ಮೊದಲು ನಿಮ್ಮ ಊರಿಗೆ ಹತ್ತಿರದಲ್ಲಿ ಆಹಾರಕ್ಕೆ ಬಳಸುವ ದರ್ಜೆಯ ಕಾರ್ಬನ್ ಡೈಆಕ್ಸೈಡ್ ಯಾರು ತುಂಬಿಕೊಡುತ್ತಾರೆ ಕೇಳಿ. ಶಿವಮೊಗ್ಗ, ಭದ್ರಾವತಿಯಂಥ ಊರಿನಲ್ಲಿ ವೆಲ್ಡಿಂಗ್ ಗ್ಯಾಸ್ ಮಾರುವವರಿಂದ ವಿಚಾರಣೆ ಶುರು ಮಾಡಬಹುದು. 'ಸೋಡಾಕ್ಕೆ ಹಾಕಲು ಬೇಕು' ಅಂತ ಬಾಯಿಬಿಟ್ಟು ಹೇಳಿ. ಅವರು ಕೊಡುವ ಸಿಲಿಂಡರಿನ ವಾಲ್ವ್ ಯಾವ ಬಗೆ ಅಂತ ಫೋಟೊ ತೆಗೆದುಕೊಂಡು, ಅದಕ್ಕೆ ಕೂರುವ ರೆಗ್ಯುಲೇಟರ್ ಕೊಳ್ಳಿ. ತಿರುಗಾಮುರುಗಾ ಮಾಡಿದರೆ ನನ್ನ ಗತಿಯೇ.

ಗ್ಯಾಸ್ ಎಷ್ಟು ಬೇಕು? ಲೆಕ್ಕ ಸುಲಭ. ಒಳ್ಳೆ ಗುಳ್ಳೆ ಬರುವ ಸೋಡಾದ ಪ್ರತಿ ಲೀಟರಿನಲ್ಲಿ ಮೂರೂವರೆ ಲೀಟರ್ ಗ್ಯಾಸ್ ಕರಗಿರುತ್ತದೆ. ಬಿಯರಿನಲ್ಲಿ ಎರಡೂವರೆ ಲೀಟರ್ ಇದ್ದರೆ ಸಾಕು. ಒಂದು ಲೀಟರ್ ಗ್ಯಾಸ್ ಅಂದರೆ ಸುಮಾರು 2 ಗ್ರಾಂ. ಅಲ್ಲಿಗೆ 19 ಲೀಟರ್ ಸೋಡಾಕ್ಕೆ 130 ಗ್ರಾಂ ಹತ್ತಿರ ಕರಗುತ್ತದೆ. ಅದನ್ನು ನಲ್ಲಿಗೆ ತಳ್ಳಲು ಇನ್ನೊಂದು 100 ಗ್ರಾಂ ಬೇಕು. ಒಂದು ಕೆಗ್ಗಿಗೆ ಒಟ್ಟು ಕಾಲು ಕಿಲೊ ಒಳಗೆ. 2 ಕಿಲೊ ಸಿಲಿಂಡರ್ ತಂದರೆ ಎಂಟು ಕೆಗ್. ಸೋರದಿದ್ದರೆ.

ಇದೇ ಲೆಕ್ಕವನ್ನು 16 ಗ್ರಾಂ ಗ್ಯಾಸ್ ತುಂಬಿದ ಪುಟ್ಟ ಡಬ್ಬಿಗೆ, ಅಂದರೆ ಕಾರ್ಟ್ರಿಜ್ಜಿಗೆ ಹಾಕಿ ನೋಡಿ. ಒಂದು ಕೆಗ್ಗಿಗೆ ಹದಿನೈದು ಕಾರ್ಟ್ರಿಜ್. ಒಂದು ಸಲ ಬಳಸಿ ಎಸೆಯುವ ಕಬ್ಬಿಣ. ಅಂಗಡಿ ದೂರವಿರುವ ನಮ್ಮಂಥವರಿಗೆ ಇದು ಕೈಗೆ ಬಂದದ್ದು ಬಾಯಿಗೆ ಬಾರದ ಕಥೆ.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ಒತ್ತಡದ ಮೀಟರಿನ ಮುಳ್ಳು ನೋಡಿ ತಿಳಿಯುವುದಿಲ್ಲ. ಒಳಗಿರುವುದು ದ್ರವ. ಆ ದ್ರವದ ಕೊನೆಯ ಹನಿ ಇರುವ ತನಕ ಮುಳ್ಳು ಒಂದೇ ಕಡೆ ನಿಂತಿರುತ್ತದೆ, ಆಮೇಲೆ ಒಮ್ಮೆಗೇ ಬೀಳುತ್ತದೆ. ತೂಕ ಮಾಡುವುದೇ ದಾರಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕತ್ತಿನ ಹತ್ತಿರ ಕೆತ್ತಿರುತ್ತಾರೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಕೆಲಸ ಆಯಿತು. ಅಲ್ಲೇ ಕೊನೆಯ ಬಾರಿ ಒತ್ತಡ ಪರೀಕ್ಷೆ ಮಾಡಿದ ದಿನವೂ ಇರುತ್ತದೆ. ಐದು ವರ್ಷ ದಾಟಿದ್ದನ್ನು ಮುಟ್ಟಬೇಡಿ. ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು. ಮಲಗಿಸಿ ತೆರೆದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. 'ಹಳೇ ಬೆಂಕಿ ಆರಿಸುವ ಸಿಲಿಂಡರ್ ಇದೆ, ಅದೂ ಇದೇ ಗ್ಯಾಸ್ ಅಲ್ವಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗ್ಯಾಸ್ ಅದೇ, ಆದರೆ ಅದರೊಳಗೆ ತಳದವರೆಗೆ ಕೊಳವೆ ಇರುತ್ತದೆ, ಹೊರಗೆ ಬರುವುದು ದ್ರವ. ಬೇಡ.

ಇನ್ನೊಂದು ಮಾತು ತಮಾಷೆಗೆ ಹೇಳುವುದಲ್ಲ. 2 ಕಿಲೊ ಗ್ಯಾಸ್ ಪೂರ್ತಿ ಸೋರಿದರೆ ಸುಮಾರು 1,100 ಲೀಟರ್ ಆಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ನೂರಕ್ಕೆ ನಾಲ್ಕು ಪಾಲು. ಅಷ್ಟು ಇದ್ದರೆ ಜೀವಕ್ಕೇ ಅಪಾಯ. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದಲ್ಲೇ ನಿಲ್ಲುತ್ತದೆ. ವಾಸನೆಯೂ ಇಲ್ಲ. ಹಳೇ ಮನೆಗಳ ಕಿಟಕಿಯಿಲ್ಲದ ಉಗ್ರಾಣದಲ್ಲಿ, ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಲೇಬಾರದು. ನಮ್ಮದು ಹಿತ್ತಿಲ ಜಗಲಿಯಲ್ಲಿದೆ. ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿಕೊಂಡು ಬರುತ್ತೇವೆ, ಮಳೆ ಹೊಡೆದರೂ.

ಬಾಟಲಿಯೇ ಸಾಕೇ?

ಮೂರು-ನಾಲ್ಕು ಜನರ ಮನೆಗೆ ಬಾಟಲಿಯೇ ಸಾಕು. ಇದನ್ನು ಹೇಳಿದರೆ ಕೆಲವರ ಮುಖ ಸಪ್ಪಗಾಗುತ್ತದೆ, ಗೊತ್ತು.

ಬಾಟಲಿಯಲ್ಲಿ ಎರಡು ದಾರಿ. ಒಂದು, ಶುಂಠಿ-ಸಕ್ಕರೆ ನೀರನ್ನು ಹುದುಗಿಸಿ ಬಿರಡೆ ಹಾಕುವುದು. ಗುಳ್ಳೆ ತಾನಾಗಿ ಬರುತ್ತದೆ, ಒಂದು ರೂಪಾಯಿ ಸಾಮಾನೂ ಬೇಡ. ಆದರೆ ಹುದುಗು ಯಾವಾಗ ನಿಲ್ಲಿಸಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ದಿನ ಹೋದಂತೆ ಅದು ಮದ್ಯವಾಗುತ್ತ ಹೋಗುತ್ತದೆ, ಒತ್ತಡವೂ ಏರುತ್ತದೆ. ಮೊದಲ ವರ್ಷ ನಾನು ಗಾಜಿನ ಬಾಟಲಿಯಲ್ಲಿ ತುಂಬಿ ಬೇಸಿಗೆಯಲ್ಲಿ ಅಟ್ಟದ ಮೇಲೆ ಇಟ್ಟಿದ್ದೆ. ಮಧ್ಯಾಹ್ನ ಊಟ ಮಾಡಿ ಒರಗಿದ್ದಾಗ ಕೋವಿ ಹೊಡೆದ ಹಾಗೆ ಒಂದು ಸದ್ದು. ಹಂದಿ ಬಂತು, ಪಕ್ಕದ ತೋಟದಲ್ಲಿ ಯಾರೋ ಗುಂಡು ಹೊಡೆದರು ಅಂದುಕೊಂಡೆವು. ಎರಡನೇ ಸದ್ದಿಗೆ ಅಟ್ಟದಿಂದ ಶುಂಠಿ ನೀರು ಇಳಿಯಿತು. ಆರು ಬಾಟಲಿಯಲ್ಲಿ ಮೂರು ಚೂರಾಗಿದ್ದವು. ಗಾಜಿನ ಚೂರು ಅಟ್ಟದ ಹಲಗೆಗೆ ನಾಟಿತ್ತು. ಅಲ್ಲಿ ಆಗ ಯಾರೂ ಇರಲಿಲ್ಲ ಅನ್ನುವುದೇ ಪುಣ್ಯ. ಅವತ್ತಿನಿಂದ ನಮ್ಮ ಮನೆಯಲ್ಲಿ ಸೋಡಾಕ್ಕೆ ಗಾಜು ನಿಷೇಧ.

ಗಾಜು ಅಂದರೆ ಗೋಲಿ ಸೋಡಾ ನೆನಪಾಗುತ್ತದೆ. ಆ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷಿನವ 1872ರಲ್ಲಿ ಪೇಟೆಂಟ್ ಪಡೆದಿದ್ದ. ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿಗೆ ಒತ್ತಿ ಹಿಡಿಯುವ ಉಪಾಯ. ನೋಡಲು ಚೆಂದ. ಆದರೆ ತುಂಬಲು ಬೇರೆ ಯಂತ್ರ ಬೇಕು, ಮನೆಯ ಕೆಲಸ ಅಲ್ಲ.

ಎರಡನೇ ದಾರಿ ನನಗೆ ಇಷ್ಟ. ಕಂಪನಿ ಕೂಲ್ ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟಲಿ ಗ್ಯಾಸಿನ ಒತ್ತಡಕ್ಕೆಂದೇ ಮಾಡಿದ್ದು. ಅದರ ಬಾಯಿಗೆ ಕೂರುವ ಕಾರ್ಬೊನೇಷನ್ ಮುಚ್ಚಳ ಅಂತ ಸಿಗುತ್ತದೆ, ಹೆಬ್ಬೆರಳಿನಷ್ಟು ದೊಡ್ಡದು. ತಣ್ಣಗಿನ ಪಾನಕವನ್ನು ಮುಕ್ಕಾಲು ತುಂಬಿ, ಬಾಟಲಿ ಹಿಸುಕಿ ಗಾಳಿ ತೆಗೆದು, ಮುಚ್ಚಳ ಹಾಕಿ, ಸಿಲಿಂಡರಿನ ಪೈಪ್ ಚುಚ್ಚಿ. ರೆಗ್ಯುಲೇಟರಿನಲ್ಲಿ 30 ಪಿಎಸ್‌ಐ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಇಟ್ಟು ಒಂದು ನಿಮಿಷ ಕುಲುಕಿ. ಆಯಿತು. ಸೋಡಾ ತಯಾರು. ಹುದುಗು ಇಲ್ಲ, ಮದ್ಯದ ಪ್ರಶ್ನೆ ಇಲ್ಲ, ಸಿಡಿಯುವ ಭಯ ಇಲ್ಲ. ಕರೆಂಟೂ ಬೇಡ, ತಣ್ಣಗಿನ ನೀರಿದ್ದರೆ ಸಾಕು. ತೆಳ್ಳಗಿನ ನೀರಿನ ಬಾಟಲಿ ಮಾತ್ರ ಬಳಸಬೇಡಿ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ.

ಮುಖ್ಯ ವಿಷಯ ಏನೆಂದರೆ, ನಾಳೆ ಕೆಗ್ ಬೇಕು ಅನ್ನಿಸಿದರೂ ಇದೇ ಸಿಲಿಂಡರ್, ಇದೇ ರೆಗ್ಯುಲೇಟರ್ ಮುಂದುವರಿಯುತ್ತದೆ. ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

5 ಲೀಟರಿನ ಪುಟ್ಟ ಕೆಗ್

ಸ್ಟೀಲಿನದು, ಮೇಲೆ ಪುಟ್ಟ ನಲ್ಲಿ, ಪಕ್ಕದಲ್ಲಿ ಕಾರ್ಟ್ರಿಜ್ ಸಿಕ್ಕಿಸುವ ಗೂಡು. ಫೋಟೊದಲ್ಲಿ ನೋಡಿದರೆ ಯಾರಿಗಾದರೂ ಬೇಕು ಅನ್ನಿಸುತ್ತದೆ. ಮಾಮೂಲಿ ಫ್ರಿಜ್ಜಿನ ಒಂದು ತಟ್ಟೆ ತೆಗೆದರೆ ಕೂರುತ್ತದೆ. ಶಿವಮೊಗ್ಗ ಪೇಟೆಯಲ್ಲಿ, ಬಾಡಿಗೆ ಮನೆಯಲ್ಲಿ ಇರುವವರಿಗೆ ಸರಿ.

ಆದರೆ ಇದು ಬಿಯರ್ ಮಾಡುವವರಿಗೆ ಹೊಂದಿದ ಹಾಗೆ ಸೋಡಾದವರಿಗೆ ಹೊಂದುವುದಿಲ್ಲ. ಬಿಯರಿನಲ್ಲಿ ಗುಳ್ಳೆಯನ್ನು ಈಸ್ಟೇ ಮಾಡಿಕೊಡುತ್ತದೆ. ಕಾರ್ಟ್ರಿಜ್ ಬೇಕಾಗುವುದು ತಳ್ಳಲು ಮಾತ್ರ. ನಮಗೆ ಕರಗಿಸಲೂ ಬೇಕು, ತಳ್ಳಲೂ ಬೇಕು. 5 ಲೀಟರಿಗೆ ನಾಲ್ಕು ಕಾರ್ಟ್ರಿಜ್ ಖಾಲಿ. ವಾರಕ್ಕೊಂದು ಸಲ ಮಾಡಿದರೆ ತಿಂಗಳಿಗೆ ಹದಿನಾರು. ಕೊಳ್ಳಲೇಬೇಕು ಅಂದರೆ ದೊಡ್ಡ ಕೆಗ್ಗಿನ ಪೈಪೇ ಸಿಕ್ಕುವ ಮುಚ್ಚಳದ್ದನ್ನು ಕೊಳ್ಳಿ, ಸಿಲಿಂಡರಿಗೆ ಜೋಡಿಸಬಹುದು. ಕ್ರೀಮ್ ನೊರೆ ಮಾಡಲು ಬೇಕರಿಯವರು ಬಳಸುವ ಕಾರ್ಟ್ರಿಜ್ ನೋಡಲು ಹೀಗೇ ಇರುತ್ತದೆ. ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, ಬೇರೆಯೇ ಗ್ಯಾಸ್. ಡಬ್ಬಿ ಮೇಲಿನ ಹೆಸರು ಓದಿ ತನ್ನಿ.

ಕೈಯಲ್ಲಿ ಒತ್ತುವ ಪಂಪಿನ ಕೆಗ್ಗೂ ಇದೆ. ಅದು ಗಾಳಿ ತುಂಬುತ್ತದೆ. ಒಂದೇ ದಿನದ ಬಿಯರ್ ಪಾರ್ಟಿಗೆ ಸರಿ, ಸೋಡಾಕ್ಕೆ ಏನೂ ಪ್ರಯೋಜನ ಇಲ್ಲ.

19 ಲೀಟರಿನ ಕೆಗ್

ಹೋಮ್‌ಸ್ಟೇ ನಡೆಸುವವರು, ಕೂಲಿಯವರು ಬರುವ ತೋಟದ ಮನೆಯವರು, ಒಟ್ಟು ಕುಟುಂಬದವರು ಇದನ್ನೇ ತೆಗೆದುಕೊಳ್ಳಿ. ವಾರಕ್ಕೆ ಹತ್ತು ಲೀಟರ್ ಖರ್ಚಾಗದ ಮನೆಗೆ ಬೇಡ. ಸಕ್ಕರೆ ಇರುವ, ಏನೂ ರಾಸಾಯನಿಕ ಹಾಕದ ಪಾನಕ ಫ್ರಿಜ್ಜಿನಲ್ಲೂ ಎರಡು ವಾರಕ್ಕಿಂತ ಜಾಸ್ತಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಸುಮ್ನೆ ತುಂಬಿಟ್ಟು ಕೊನೆಗೆ ಬಾಳೆಬುಡಕ್ಕೆ ಚೆಲ್ಲುವುದಾದರೆ ಯಾಕೆ?

ಪೈಪ್ ಸಿಕ್ಕಿಸುವ ಕೊಂಡಿಯ ಪ್ರಕಾರ ಇದರಲ್ಲಿ ಎರಡು ಜಾತಿ. ಪೆಪ್ಸಿಯವರು ಬಳಸುತ್ತಿದ್ದ ಬಾಲ್ ಲಾಕ್, ಕೋಕಾ-ಕೋಲಾದವರ ಪಿನ್ ಲಾಕ್. ಬಾಲ್ ಲಾಕ್ ಉದ್ದ, ಸುಮಾರು 64 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರ್ ಅಗಲ. ಪಿನ್ ಲಾಕ್ ಕುಳ್ಳಗೆ, ಸ್ವಲ್ಪ ದಪ್ಪ. ಒಂದರ ಕೊಂಡಿ ಇನ್ನೊಂದಕ್ಕೆ ಆಗುವುದಿಲ್ಲ. ಹೊಸದಾಗಿ ಕೊಳ್ಳುವವರು ಬಾಲ್ ಲಾಕ್ ತೆಗೆದುಕೊಂಡರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಬೂದು ಕೊಂಡಿ ಗ್ಯಾಸಿಗೆ, ಕಪ್ಪು ಕೊಂಡಿ ಪಾನಕಕ್ಕೆ. ಅದಲು ಬದಲಾಗಿ ಒತ್ತಿದರೆ ಸಿಕ್ಕಿಕೊಂಡು ಬಿಡಿಸಲು ಸಾಕುಬೇಕಾಗುತ್ತದೆ. ಮುಚ್ಚಳದಲ್ಲಿ ಒತ್ತಡ ಬಿಡುವ ವಾಲ್ವ್ ಇರುವುದನ್ನೇ ಕೊಳ್ಳಿ. ತೆರೆಯುವ ಮೊದಲು ಅದನ್ನೆಳೆದು ಗ್ಯಾಸ್ ಬಿಡಬೇಕು. ಪ್ರೆಶರ್ ಕುಕ್ಕರಿನ ಅಭ್ಯಾಸ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಕೆಗ್ ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಮಾತ್ರ ಹೊಸದೇ ಇರಲಿ. ಹಳೇ ಕೆಗ್ ತಂದರೆ ಎಲ್ಲ ರಬ್ಬರ್ ರಿಂಗ್ ಬದಲಿಸಿ, ಗ್ಯಾಸ್ ತುಂಬಿ, ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ. ನಾನು ನೋಡದೆ ಬಿಟ್ಟಿದ್ದೆ, ಒಂದೇ ರಾತ್ರಿಗೆ ಹೊಸ ಸಿಲಿಂಡರ್ ಖಾಲಿ. ಈಗ ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವ್ ಮುಚ್ಚಿಯೇ ಮಲಗುವುದು.

ತಂಪು ಮಾಡುವುದು ಹೇಗೆ?

ಒತ್ತಡ ಎಷ್ಟಿಡಬೇಕು ಅನ್ನುವುದು ತಂಪಿನ ಮೇಲೆ ನಿಂತಿದೆ. 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬಿಯರಿಗೆ 12 ಪಿಎಸ್‌ಐ, ಸೋಡಾಕ್ಕೆ 25ರ ಹತ್ತಿರ ಸಾಕು. ಅದೇ ಸೋಡಾವನ್ನು 25 ಡಿಗ್ರಿಯ ಕೋಣೆಯಲ್ಲಿಟ್ಟರೆ 55 ಪಿಎಸ್‌ಐ ಬೇಕಾಗುತ್ತದೆ. ತಣ್ಣಗಿನ ನೀರು ಗ್ಯಾಸನ್ನು ಹಿಡಿದುಕೊಳ್ಳುತ್ತದೆ, ಬಿಸಿಯಾದರೆ ಬಿಡುತ್ತದೆ. ಯಾವ ತಂಪಿಗೆ ಎಷ್ಟು ಒತ್ತಡ ಅಂತ ಹೊರದೇಶದವರು ಮಾಡಿದ ಪಟ್ಟಿಗಳೆಲ್ಲ ಸಮುದ್ರಮಟ್ಟದ ಲೆಕ್ಕ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ಪಟ್ಟಿಗಿಂತ ಒಂದು ಪಿಎಸ್‌ಐ ಜಾಸ್ತಿ ಇಟ್ಟರೆ ಸರಿಹೋಗುತ್ತದೆ. ನಾಲಿಗೆಗೆ ಗೊತ್ತಾಗುವಷ್ಟು ವ್ಯತ್ಯಾಸವೇನೂ ಅಲ್ಲ.

ಹಳೇ ಒಂದು ಬಾಗಿಲಿನ ಫ್ರಿಜ್ ನನ್ನ ಆಯ್ಕೆ. ತುಂಬಿದ ಕೆಗ್ 23 ಕಿಲೊ ದಾಟುತ್ತದೆ, ಗಾಜಿನ ತಟ್ಟೆ ತಡೆಯುವುದಿಲ್ಲ. ತಟ್ಟೆ, ತರಕಾರಿ ಡಬ್ಬಿ ಎಲ್ಲ ತೆಗೆದು ತಳಕ್ಕೆ ಹಲಗೆ ಹಾಕಬೇಕು. ಹಿಂದೆ ಕಂಪ್ರೆಸರಿನ ಉಬ್ಬು ಇರುತ್ತದೆ, ಅದನ್ನು ಬಿಟ್ಟು ಅಳತೆ ಮಾಡಿ. ನಾನು ಅಡಿಕೆ ಹಾಳೆ ಸುತ್ತಿ ಕೆಗ್ಗಿನ ಅಳತೆಯ ಕೊಳವೆ ಮಾಡಿ, ಇಟ್ಟು ನೋಡಿ, ಬಾಗಿಲು ಹಾಕಿ ಖಾತ್ರಿ ಮಾಡಿಕೊಂಡೆ. ತೂತು ಕೊರೆಯುವುದಾದರೆ ಬಾಗಿಲಿಗೆ ಮಾತ್ರ. ಪಕ್ಕದ ಗೋಡೆಯೊಳಗೆ ಫ್ರಿಜ್ಜನ್ನು ತಂಪು ಮಾಡುವ ಗ್ಯಾಸಿನ ಕೊಳವೆ ಹಾಯ್ದಿರಬಹುದು, ಡ್ರಿಲ್ ತಗುಲಿದರೆ ಫ್ರಿಜ್ ಗುಜರಿಗೆ. ನಾನು ಡ್ರಿಲ್ ಹಿಡಿದಾಗ ಅತ್ತಿಗೆ ಬಾಗಿಲಲ್ಲಿ ನಿಂತು, 'ಇನ್ನೂ ಓಡೋ ಫ್ರಿಜ್ಜಿಗೆ ತೂತು ಹೊಡೀತೀಯಲ್ಲ ಮಾರಾಯ' ಅಂತ ಹಣೆ ಚಚ್ಚಿಕೊಂಡಿದ್ದರು. ಈಗ ನೆಂಟರು ಬಂದರೆ ಮೊದಲು ತೋರಿಸುವವರೇ ಅವರು.

ಡೀಪ್ ಫ್ರೀಜರಿನಲ್ಲಿ ಮೂರು ಕೆಗ್ ಹಿಡಿಯುತ್ತದೆ, ಆದರೆ ಹೊರಗಿನಿಂದ ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟ್ಯಾಟ್ ಹಾಕದಿದ್ದರೆ ಸೋಡಾ ಹೆಪ್ಪುಗಟ್ಟುತ್ತದೆ. 23 ಕಿಲೊದ ಕೆಗ್ಗನ್ನು ಮೇಲಿನಿಂದ ಎತ್ತಿ ಇಳಿಸಬೇಕು. ಸೊಂಟ ಗಟ್ಟಿ ಇದ್ದವರು ಯೋಚಿಸಿ.

ಇನ್ನು ಐಸ್ ಪೆಟ್ಟಿಗೆ. ಕೆಗ್ ಹೊರಗೇ ಇರುತ್ತದೆ. ಪೆಟ್ಟಿಗೆಯೊಳಗೆ ಸ್ಟೀಲಿನ ಸುರುಳಿ ಕೊಳವೆ, ಅದರ ಮೇಲೆ ಐಸ್. ಪಾನಕ ಸುರುಳಿಯಲ್ಲಿ ಹಾದು ತಣ್ಣಗಾಗಿ ನಲ್ಲಿಗೆ ಬರುತ್ತದೆ. ಉಪನಯನ, ಗೃಹಪ್ರವೇಶ, ಊರಿನ ಜಾತ್ರೆಗೆ ಇದಕ್ಕಿಂತ ಒಳ್ಳೆಯದಿಲ್ಲ. ದಿನಬಳಕೆಗೆ ಐಸ್ ಎಲ್ಲಿಂದ ತರುತ್ತೀರಿ?

ಮಲೆನಾಡಿನಲ್ಲಿ ಇದನ್ನೆಲ್ಲ ತೀರ್ಮಾನಿಸುವುದು ಕೊನೆಗೆ ಕರೆಂಟು. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ. ತುಂಬಿದ ಕೆಗ್ ಒಂದು ದಿನ ತಂಪು ಹಿಡಿಯುತ್ತದೆ, ಕಂಬಳಿ ಸುತ್ತಿದರೆ ಇನ್ನಷ್ಟು. ಅದಾದ ಮೇಲೆ ಸಕ್ಕರೆ ನೀರು ತಾನಾಗಿ ಹುದುಗಲು ಶುರುವಾಗುತ್ತದೆ. ನಾವು ಜೂನ್‌ನಿಂದ ಆಗಸ್ಟ್‌ವರೆಗೆ ಕೆಗ್ ತುಂಬುವುದೇ ಇಲ್ಲ. ಆ ಚಳಿಯಲ್ಲಿ ಸೋಡಾ ಯಾರಿಗೆ ಬೇಕು, ಕಷಾಯದ ಕಾಲ ಅದು. ಬೇಕೆನಿಸಿದರೆ ಬಾಟಲಿ, ಮುಚ್ಚಳ ಇದ್ದೇ ಇದೆ. ವೋಲ್ಟೇಜ್ ಏರಿಳಿಯುವ ಕಡೆ ಫ್ರಿಜ್ಜಿಗೆ ಸ್ಟೆಬಿಲೈಸರ್ ಹಾಕಿ.

ನಲ್ಲಿ, ಪೈಪು

ಕೊನೆಗೆ ನಲ್ಲಿಗೆ ಬಂದೆವು. ಅಗ್ಗದ್ದು ಕೈಯಲ್ಲಿ ಹಿಡಿದು ಒತ್ತುವ ಪ್ಲಾಸ್ಟಿಕ್ ನಲ್ಲಿ, ಪಿಕ್ನಿಕ್ ಟ್ಯಾಪ್ ಅನ್ನುತ್ತಾರೆ. ಫ್ರಿಜ್ ಬಾಗಿಲು ತೆಗೆದು ಹಿಡಿಯಬೇಕು ಅನ್ನುವುದೊಂದೇ ಕೊರತೆ. ಮೊದಲ ಆರು ತಿಂಗಳು ಇದನ್ನೇ ಬಳಸಿ. ಬಾಗಿಲಿಗೆ ತೂತು ಹೊಡೆಯುವುದು ಯಾವಾಗ ಬೇಕಾದರೂ ಆಗುತ್ತದೆ, ಹೊಡೆದ ತೂತು ಮುಚ್ಚುವುದು ಕಷ್ಟ.

ಬಾಗಿಲಿಗೇ ಕೂರಿಸುವುದಾದರೆ ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿನದು ಕೊಳ್ಳಿ. ಹೊಳಪು ಹಾಕಿದ ಹಿತ್ತಾಳೆ ನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಬೇಡ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಾಯಿಸಬಾರದು ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದೇ ಕಾರಣ. ಗ್ಯಾಸ್ ಕರಗಿದ ನೀರು ಹುಳಿ, ಅದರೊಳಗೆ ನಿಂಬೆಯೂ ಇದೆ. ಹೊಳಪು ಸವೆದ ಮೇಲೆ ತಾಮ್ರ ಕರಗಿ ಸೋಡಾಕ್ಕೆ ಸೇರುತ್ತದೆ, ಹೊಟ್ಟೆ ಕೆಡಿಸುತ್ತದೆ. ತಾಮ್ರದ ಕೊಳವೆಯೂ ಹಾಗೇ, ನಡುವೆ ಎಲ್ಲೂ ಬರಬಾರದು. ಇನ್ನೊಂದು ವ್ಯತ್ಯಾಸ ನಲ್ಲಿಯ ಒಳಗಿದೆ. ಹಿಂದೆ ಮುಚ್ಚುವ ಹಳೇ ಮಾದರಿಯಲ್ಲಿ ಮೂತಿಯೊಳಗೆ ಸಕ್ಕರೆ ಒಣಗಿ ಅಂಟಿ ಹಿಡಿ ಅಲುಗುವುದಿಲ್ಲ. ಮುಂದೆ ಮುಚ್ಚುವ ಮಾದರಿ ಕೇಳಿ ತನ್ನಿ.

ಎಲ್ಲರೂ ಎಡವುವುದು ಪೈಪಿನ ಉದ್ದದಲ್ಲಿ. ಫ್ರಿಜ್ ಚಿಕ್ಕದು, ಎರಡಡಿ ಪೈಪ್ ಸಾಕು ಅಂತ ಹಾಕಿದರೆ ನಲ್ಲಿ ತೆರೆದ ಕೂಡಲೇ ಲೋಟದ ತುಂಬ ನೊರೆ, ಅಡಿಯಲ್ಲಿ ಸಪ್ಪೆ ನೀರು. ಒತ್ತಡ ಒಮ್ಮೆಗೇ ಬಿಟ್ಟರೆ ಗ್ಯಾಸೆಲ್ಲ ಹಾರುತ್ತದೆ. ಉದ್ದನೆಯ ಸಣ್ಣ ಪೈಪಿನಲ್ಲಿ ಉಜ್ಜುತ್ತ ಬಂದರೆ ಒತ್ತಡ ಮೆಲ್ಲಗೆ ಇಳಿಯುತ್ತದೆ. ಒಳಗಿನ ಅಳತೆ 5 ಮಿಲಿಮೀಟರ್ ಹತ್ತಿರದ ಪೈಪಾದರೆ ಬಿಯರಿಗೆ 10 ಅಡಿ, ಸೋಡಾಕ್ಕೆ 25 ಅಡಿ ಬೇಕು. ಸುರುಳಿ ಸುತ್ತಿ ಕೆಗ್ಗಿನ ಮೇಲೆ ಇಡಿ. 'ಇಷ್ಟುದ್ದ ಯಾಕೆ' ಅಂತ ಕತ್ತರಿಸಬೇಡಿ. ನಾನು ಕತ್ತರಿಸಿ ಮತ್ತೆ ಕೊಂಡವನು. ಅಷ್ಟು ಪೈಪ್ ಬೇಡ ಅಂದರೆ ಹರಿವು ತಿರುಗಿಸಿ ಕಡಿಮೆ ಮಾಡುವ ಪುಟ್ಟ ಹಿಡಿಯಿರುವ ನಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ.

ಬೆಲೆಯ ಮಾತು ಬಂತಲ್ಲ. ಬಾಟಲಿ ಮುಚ್ಚಳಕ್ಕೆ ನೂರರ ಲೆಕ್ಕ, ಪುಟ್ಟ ಕೆಗ್ಗಿಗೆ ಕೆಲವು ಸಾವಿರ. ಕೆಗ್, ಸಿಲಿಂಡರ್, ರೆಗ್ಯುಲೇಟರ್, ನಲ್ಲಿ ಎಲ್ಲ ಸೇರಿದರೆ ಹತ್ತು ಸಾವಿರ ಸುಲಭವಾಗಿ ದಾಟುತ್ತದೆ, ಫ್ರಿಜ್ ಬೇರೆ.

ತೊಳೆಯುವುದು

19 ಲೀಟರಿಗೆ ನಾನು ಹಾಕುವುದು ಅರ್ಧ ಕಿಲೊ ಶುಂಠಿ, ಒಂದೂಕಾಲು ಕಿಲೊ ಸಕ್ಕರೆ, ಹದಿನೈದು ನಿಂಬೆ. ಜೋನಿ ಬೆಲ್ಲ ಹಾಕಿದರೆ ರುಚಿ ಹೆಚ್ಚು, ನೊರೆಯೂ ಹೆಚ್ಚು. ಶುಂಠಿ ರಸವನ್ನು ಪಂಚೆಯಲ್ಲಿ ಸೋಸಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಮೇಲಿನ ತಿಳಿ ಮಾತ್ರ ಕೆಗ್ಗಿಗೆ. ಹಿಟ್ಟು, ನಾರು ಹೋದರೆ ಕೊಳವೆ ಕಟ್ಟುತ್ತದೆ.

ಪ್ರತಿ ಸಲ ಕೆಗ್ ಖಾಲಿಯಾದಾಗ ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ, ಅದನ್ನೇ ಗ್ಯಾಸಿನಲ್ಲಿ ತಳ್ಳಿ ನಲ್ಲಿಯವರೆಗೂ ಹರಿಸಿ, ಆಮೇಲೆ ಒಳ್ಳೆ ನೀರಿನಲ್ಲಿ ಎರಡು ಸಲ. ಬ್ಲೀಚಿಂಗ್ ಪುಡಿ ಸ್ಟೀಲಿಗೆ ಆಗದು, ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ನಲ್ಲಿಯ ಮೂತಿಯನ್ನು ದಿನಾ ರಾತ್ರಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ದಿನ ಮರೆತರೆ ಬೆಳಿಗ್ಗೆ ಫ್ರಿಜ್ ಬಾಗಿಲ ಮೇಲೆ ಇರುವೆ ಸಾಲು. ಅಜ್ಜಿ ಕಾಲದ ಉಪಾಯ ಮಾಡಿ, ಫ್ರಿಜ್ ಕಾಲಿಗೆ ನೀರಿನ ಬಟ್ಟಲು ಇಟ್ಟು ನೋಡಿದೆವು. ಇರುವೆ ಕರೆಂಟಿನ ವೈರ್ ಮೇಲಿಂದ ಬಂತು.

ಶುಂಠಿಯ ವಾಸನೆ ರಬ್ಬರ್ ರಿಂಗಿಗೆ, ಪೈಪಿಗೆ ಹಿಡಿದರೆ ಬಿಡುವುದಿಲ್ಲ. ಎಷ್ಟು ತೊಳೆದರೂ ಬಿಡುವುದಿಲ್ಲ. ಮುರುಗಲು, ನಿಂಬೆ ಬೇರೆ ರುಚಿಯಾಗಿಯೇ ಬೇಕು ಅನ್ನುವವರು ಎರಡನೇ ಜೊತೆ ಪೈಪು, ರಿಂಗು ಮೊದಲೇ ತಂದಿಟ್ಟುಕೊಳ್ಳಿ. ನಮ್ಮದು ಒಂದೇ ಜೊತೆ. ನಮ್ಮ ಮನೆ ಮುರುಗಲ ಸೋಡಾವೂ ಶುಂಠಿ ಘಾಟು ಹೊಡೆಯುತ್ತದೆ, ಕೊನೆಗೌಡ ಮಾತ್ರ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾನೆ.